ಬಸ್ಸಿನ ಹೊತ್ತು ಕಾಯುವ ಐಲಾ

ಬೆಳಗಿನ ಐದು ಗಂಟೆ. ಉತ್ತರ ಮಿನ್ನೆಸೋಟದ ಟಮರಾಕ್ ಫಾಲ್ಸಿನ ಶಾಲಾ ಬಸ್ ಗ್ಯಾರೇಜಿನಲ್ಲಿ ಎಂಜಿನ್ನುಗಳು ಕೆಮ್ಮಿ ಕೆಮ್ಮಿ ಏಳುತ್ತಿವೆ. ಮಾರ್ಚ್ ಬಂದ ಸುದ್ದಿ ಚಳಿಗಿನ್ನೂ ತಲುಪಿದಂತಿಲ್ಲ. ಮಹಡಿಯ ಕೋಣೆಯಲ್ಲಿ ಐಲಾ ಕೊಸ್ಕೆಲಾ ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತ ಕಂಪ್ಯೂಟರ್ ನೋಡುತ್ತಿದ್ದಾರೆ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಬ್ರೆಡ್ಡು ಬಾಯಿಯ ದಾರಿಯಲ್ಲೇ ನಿಲ್ಲುತ್ತದೆ.

"ಇದೇನಿದು? ಬರ್ಚ್ ಬೀದಿ ಬಸ್ಸು ಆರೂ ಹತ್ತಕ್ಕಂತೆ! ಅದು ಬರೋದು ಏಳೂ ಹತ್ತಕ್ಕಲ್ವಾ!"

ಮಕ್ಕಳಿಗೆ ಟೋಪಿ ಹಾಕುವ ಮುನ್ನ ಊರಿನವರೆಲ್ಲ ನೋಡುವುದು ಬಸ್ಸಿನ ವೇಳೆ ತೋರಿಸುವ ಈ ಶಾಲಾ ಜಾಲತಾಣವನ್ನೇ. ಅದು ತಪ್ಪು ಹೇಳಿದರೆ ಟೋಪಿ ಬೀಳುವುದು ಇಡೀ ಊರಿಗೆ. ಪುಟ್ಟ ಮಕ್ಕಳು ಹೆಪ್ಪುಗಟ್ಟಿಸುವ ಗಾಳಿಯಲ್ಲಿ ಒಂದು ಗಂಟೆ ನಿಲ್ಲಬೇಕು.

ತಾಣವಿರುವುದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕಣ್ಣಿಗೆ ಕಾಣುವ ಪುಟಗಳನ್ನು ಬರೆಯುವವರು ಬೇರೆ. ಅದು ಯಾರ್‍ಯಾರ ಸಿದ್ಧ ಕೋಡಿನ ಕಟ್ಟುಗಳ ಮೇಲೆ ನಿಲ್ಲಬೇಕೆಂದು ನೋಡಿ, ಕಟ್ಟಿ, ಸರ್ವರಿಗೆ ಏರಿಸುವುದು ಐಲಾ ಕೆಲಸ. ಆ ಕಟ್ಟುಗಳ ಹೆಸರು ಜಾರ್. ಕೈ ಜಾರುವುದೇ ಅವುಗಳ ಗುಣ; ಒಂದನ್ನು ಕರೆದರೆ ಅದು ತನಗೆ ಬೇಕಾದ ಇನ್ನೊಂದನ್ನೂ ಎಳೆದು ತರುತ್ತದೆ. ಐಲಾ ಹಿಂದೆ ಇಲ್ಲೇ ಬಸ್ ಓಡಿಸುತ್ತಿದ್ದವರು. ಭುಜ ಕೈಕೊಟ್ಟ ಮೇಲೆ ಸಂಜೆ ಕಾಲೇಜಿಗೆ ಹೋಗಿ ಇದನ್ನು ಕಲಿತರು. ಅವರ ಹೆಸರು ಯಾರ ಬಾಯಲ್ಲೂ ಬಾರದಿದ್ದರೆ ಅದು ಒಳ್ಳೆಯ ದಿನ.

"ಮದುವೆಗೆ ಒಬ್ಬನ್ನ ಕರೀತೀವಿ. ಅವ್ನು ಭಾವನ್ನ ಕರ್ಕೊಂಡ್ ಬರ್ತಾನೆ, ಭಾವ ತನ್ನ ಕುಡುಕ ದೋಸ್ತನ್ನ. ಗಲಾಟೆ ಮಾಡೋನು ಯಾವಾಗ್ಲೂ ಆ ಮೂರನೆಯವ್ನೇ. ಅದಕ್ಕೇ ನಾನು ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡ್ತೀನಿ" ಎನ್ನುತ್ತಾರೆ.

ಶುಕ್ರವಾರ ಬಾಗಿಲಲ್ಲಿ ಯಾರೂ ಇರಲಿಲ್ಲ. ಐಲಾ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುತ್ತಿದ್ದರು. ಮೇಲಧಿಕಾರಿ ಕರ್ಟಿಸ್ ತಾನೇ ಒಂದು ಹೊಸ ನಕ್ಷೆಯ ಕಟ್ಟನ್ನು ಸೇರಿಸಿ ಏರಿಸಿಬಿಟ್ಟಿದ್ದ. ಬಣ್ಣದ ಬಸ್ಸುಗಳು ಓಡಾಡುವುದನ್ನು ಈ ದಿನ ಶಾಲಾ ಮಂಡಳಿಗೆ ತೋರಿಸುವ ಆಸೆ ಅವನಿಗೆ.

ಯಾರು ಯಾರನ್ನು ಕರೆತಂದರೆಂಬ ವಂಶವೃಕ್ಷವನ್ನು ಐಲಾ ಬಿಡಿಸುತ್ತಾರೆ. "ಸಿಕ್ದ ಮುದುಕಪ್ಪ!" ನಕ್ಷೆಯ ಬೆನ್ನಿಗೆ ಸಮಯ ಲೆಕ್ಕಹಾಕುವ ಓಬೀರಾಯನ ಕಾಲದ ಕಟ್ಟೊಂದು ಒಳನುಗ್ಗಿದೆ. ಒಂದೇ ಕಟ್ಟಿನ ಹಳತೂ ಹೊಸತೂ ಎದುರಾದರೆ ಜೋಡಿಸುವ ಸಲಕರಣೆ ವಯಸ್ಸು ಕೇಳುವುದಿಲ್ಲ, ಹತ್ತಿರದ ನಂಟನ್ನು ಹಿಡಿಯುತ್ತದೆ; ಇಲ್ಲಿ ಹತ್ತಿರವಿದ್ದದ್ದು ಹಳತು. ನಿನ್ನೆ ಭಾನುವಾರ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿತು. ಈ ಮುದುಕನಿಗೆ ಗೊತ್ತಿರುವುದು ಹಳೆಯ ಪದ್ಧತಿ: ತಿರುಗಿಸುವುದು ಏಪ್ರಿಲಿನಲ್ಲಿ. ಹಾಗಾಗಿ ಅವನ ಲೆಕ್ಕದಲ್ಲಿ ಎಲ್ಲ ಬಸ್ಸಿನ ವೇಳೆಯೂ ಒಂದು ಗಂಟೆ ಹಿಂದೆ.

ಐಲಾ ಕರ್ಟಿಸ್‌ಗೆ ಫೋನ್ ಮಾಡಿ ವಿಷಯ ಹೇಳುತ್ತಾರೆ. ಅವನ ದನಿಯಲ್ಲಿ ನಿದ್ದೆ, ಗಾಬರಿ ಎರಡೂ ಇವೆ.

"ಹಿಂದಿನ ಆವೃತ್ತಿಗೆ ಮಾತ್ರ ಹೋಗ್ಬೇಡ ಮಾರಾಯ್ತಿ! ಒಂಬತ್ತಕ್ಕೆ ಮಂಡಳಿಯವ್ರು ಬರ್ತಾರೆ. ನಕ್ಷೆ ಮಾಯವಾದ್ರೆ ಏನ್ ತೋರಿಸ್ಲಿ? ಅಲ್ಲೇ ರಿಪೇರಿ ಮಾಡು."

"ಮಾಡಿ, ಪರೀಕ್ಷಿಸೋಷ್ಟರಲ್ಲಿ ಮಕ್ಕಳು ಬೀದೀಲಿರ್ತಾರೆ ಕರ್ಟಿಸ್."

"ನನ್ನ ಮಾನ?"

"ಅದಕ್ಕೆ ಸ್ವೆಟರ್ ಹಾಕ್ಸು. ಮಕ್ಕಳದ್ದು ಮೂಗು, ಉದುರಿ ಹೋಗುತ್ತೆ."

ಫೋನ್ ಇಟ್ಟು, ಐಲಾ ಅವನ "ನನ್ನ ಮಾನ"ವನ್ನು ಮೂಗಿನಲ್ಲೇ ಆಡಿ ತೋರಿಸುತ್ತಾರೆ. ಕರ್ಟಿಸ್ ಕೋಣೆಯೊಳಗೇ ಬಂದಂತಿದೆ. ಅಷ್ಟರಲ್ಲಿ ಬೆರಳು ಕೆಲಸ ಮುಗಿಸಿದೆ. ತಾಣದ ಹೊಸ ಆವೃತ್ತಿ ಒಂದು ಸೋಮವಾರ ದಾಟುವವರೆಗೆ ಹಳೆಯ ಆವೃತ್ತಿಯನ್ನು ಪಕ್ಕದಲ್ಲೇ ಓಡಲು ಬಿಡುವುದು ಅವರ ಪದ್ಧತಿ. ತಾಣ ಏರಿಸಲು ಕರ್ಟಿಸ್ ಬಳಸಿದ್ದೂ ಅವರು ಬರೆದಿಟ್ಟ ಸ್ಕ್ರಿಪ್ಟನ್ನೇ ಆದ್ದರಿಂದ ಹಳೆಯದು ಇನ್ನೂ ಜೀವಂತವಿದೆ. ತಾಣಕ್ಕೆ ಬಂದವರನ್ನು ಅತ್ತ ತಿರುಗಿಸಿದರೆ ಸಾಕು. ಬರ್ಚ್ ಬೀದಿಯೆದುರು ಏಳೂ ಹತ್ತು ಮೂಡುತ್ತದೆ. ಮುದುಕನಿಗೆ ಪ್ರವೇಶವಿಲ್ಲವೆಂದು ಒಂದು ಸಾಲು ಬರೆದಿಡುತ್ತಾರೆ. ಪರೀಕ್ಷೆಯಾದ ಮೇಲೆ ನಕ್ಷೆ ನಾಳೆ ಬರಲಿ.

ಆದರೂ ಅವರಿಗೆ ಕೂರಲಾಗದು. ಬೇಗ ಎದ್ದು ತಪ್ಪು ವೇಳೆಯನ್ನು ನೋಡಿದ ಮನೆ ಒಂದಾದರೂ ಇದ್ದೀತು. ಆರೂ ಹತ್ತಕ್ಕೆ ಕಿಟಕಿಯ ಮಂಜನ್ನು ತೋಳಿನಿಂದ ಒರೆಸಿ ನನ್ನನ್ನು ಕರೆಯುತ್ತಾರೆ. ರಸ್ತೆಯಾಚೆ ಬೀದಿದೀಪ, ಬರ್ಚ್ ಬೀದಿಯ ಬಸ್ ಸ್ಟಾಪಿನ ಕಂಬ, ಹಾರುವ ಹಿಮ. ಒಂದು ನರಪಿಳ್ಳೆಯೂ ಇಲ್ಲ.

"ಖಾಲಿ ಬಸ್ ಸ್ಟಾಪ್ ನೋಡಿ ಇಷ್ಟು ಖುಷಿ ಪಡೋಳು ಈ ಊರಲ್ಲಿ ನಾನೊಬ್ಬಳೇ ಇರ್ಬೇಕು."