ಅವ್ವನ ಬಾಯಲ್ಲಿ ಉಳಿದ ಒಂದೇ ಹೆಸರು

ಎಲ್ಲಮ್ಮ ಎಂಬ ಹೆಸರು ಎಲ್ಲಿಂದ ಬಂತು ಎಂದು ಹುಡುಕುತ್ತ ನಾನು ಎರಡು ವರ್ಷ ಕಳೆದಿದ್ದೆ. ವಿಜಯಪುರದ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು ನಾನು. ರಜೆ ಸಿಕ್ಕಾಗಲೆಲ್ಲ ತೊರವಿ, ಇಟ್ಟಂಗಿಹಾಳ, ಬಬಲೇಶ್ವರದ ಕಡೆ ಹೋಗಿ ಊರದೇವತೆಗಳ ಹೆಸರು ಬರೆದುಕೊಂಡು ಬರುತ್ತಿದ್ದೆ. ಗುಡಿ ಊರಂಚಿನಲ್ಲಿದ್ದರೆ ‘ಎಲ್ಲೆಯ ಅಮ್ಮ’ ಎಂಬ ಅರ್ಥದ ಮುಂದೆ ಒಂದು ಗೆರೆ ಎಳೆಯುತ್ತಿದ್ದೆ. ಊರ ನಡುವೆ ಇದ್ದರೆ ತಲೆ ಕೆರೆದುಕೊಳ್ಳುತ್ತಿದ್ದೆ. ಬಬಲೇಶ್ವರದಲ್ಲಿ ಒಬ್ಬ ಮುದುಕರು, ಏಳು ಅಕ್ಕತಂಗಿಯರಲ್ಲಿ ಒಬ್ಬಳಾದ್ದರಿಂದ ‘ಏಳಮ್ಮ’, ಅದೇ ಎಲ್ಲಮ್ಮ ಆಯಿತು ಅಂದರು. ಬರೆದುಕೊಂಡೆ, ನಂಬಲಿಲ್ಲ.

ತಿಕೋಟಾದಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವನಿಗೆ ಇದೆಲ್ಲ ತಮಾಷೆ.

“ಎಲ್ಲಾರಿಗೂ ಅವ್ವ, ಅದಕ್ಕ ಎಲ್ಲವ್ವ. ಇಷ್ಟಕ್ಕ ಊರೂರು ಯಾಕ ತಿರಗ್ತಿ ಬೇ?”

“ಅದು ಜನಾ ಆಮ್ಯಾಲೆ ಕಟ್ಟಿದ ಅರ್ಥ, ಅವ್ವಾ.”

“ಹಂಗಾರ ನಾ ಜನಾ ಅಲ್ಲೇನು?”

ಹೋದ ವರ್ಷ ಬೇಸಿಗೆಗೆ ಮುಂಚೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಬಾಯಿ ತೆರೆದು “ಎಲ್ಲವ್ವ” ಅಂದಳು. ಅಣ್ಣ, ನಾನು ಇಬ್ಬರೂ ಅತ್ತೆವು, ಮಾತು ಬಂತು ಎಂದು. ಆದರೆ ಬಂದದ್ದು ಅದೊಂದೇ. ನೀರಿಗೂ ಎಲ್ಲವ್ವ, ನೋವಿಗೂ ಎಲ್ಲವ್ವ. ದಿನವೂ ನಾಲಿಗೆಯ ಮೇಲಿದ್ದ ದೇವರ ಹೆಸರು ಕೆಲವರಲ್ಲಿ ಹೀಗೆ ಉಳಿಯುತ್ತದೆ, ಅವರಿಗೆ ಎಲ್ಲ ತಿಳಿಯುತ್ತದೆ, ಹೇಳಲು ಹೋದರೆ ಅದೇ ಹೊರಬರುತ್ತದೆ ಎಂದು ಡಾಕ್ಟರು ವಿವರಿಸಿದರು.

ನಾನು ರಜೆ ಹಾಕಿ ತಿಕೋಟಾಕ್ಕೆ ಬಂದೆ. ಪಕ್ಕದ ಮನೆಯ ಚಾಚಿ ದಿನಾ ಮುಂಜಾನೆ ಬರುತ್ತಿದ್ದಳು. ಅವಳೂ ಅವ್ವನೂ ಒಣದ್ರಾಕ್ಷಿ ಶೆಡ್ಡಿನಲ್ಲಿ ಎದುರುಬದುರು ಕೂತು, ಕಡ್ಡಿ ಆರಿಸುತ್ತ ಎಷ್ಟೋ ವರ್ಷ ಕಳೆದವರು. ಅವ್ವ “ಎಲ್ಲವ್ವ” ಅಂದ ಕೂಡಲೇ ಚಾಚಿ ಎದ್ದು ಬೇಕಾದದ್ದು ಮಾಡಿಬಿಡುತ್ತಿದ್ದಳು. ನನಗೆ ಆಶ್ಚರ್ಯ, ಸ್ವಲ್ಪ ಹೊಟ್ಟೆಕಿಚ್ಚೂ ಕೂಡ.

“ನಿಮಗ ಹೆಂಗ ತಿಳೀತೈತ್ರಿ ಚಾಚಿ?”

“ಎಳದು ಅಂದ್ರ ನೀರು. ಕಡೀಕಿನ ‘ವ್ವ’ ನುಂಗಿದ್ರ ಮಗ್ಗಲಾ ಬದಲ್ಸಬೇಕು. ಗಟ್ಟಿ ಅಂದ್ರ ನಿಮ್ಮಣ್ಣಗ ಬೈಯಾಕತ್ತಾಳ.”

ಪಾಠ ಕೇಳುವವಳಂತೆ ಪಕ್ಕದಲ್ಲಿ ಕೂತು ಕಲಿತೆ. ಅಷ್ಟಿಷ್ಟು ಬಂತು ಅನ್ನುವಷ್ಟರಲ್ಲಿ ಚಾಚಿ ಮಗಳ ಬಾಣಂತನಕ್ಕೆಂದು ಬಬಲೇಶ್ವರಕ್ಕೆ ಹೋದಳು.

ಅವಳು ಹೋದ ಎರಡನೆಯ ದಿನ. ಮುಂಜಾನೆಯಿಂದ ಅವ್ವನ ಮೈ ತೊಳೆದು, ಹಾಸಿಗೆ ಬದಲಿಸಿ, ಬಟ್ಟೆ ಒಗೆದು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವ್ವ ನನ್ನನ್ನೇ ನೋಡುತ್ತ “ಎಲ್ಲವ್ವ?” ಅಂದಳು. ನೀರು ಕೊಟ್ಟೆ, ಮುಖ ತಿರುಗಿಸಿದಳು. ಮಗ್ಗುಲು ಬದಲಿಸಹೋದರೆ ಎಡಗೈಯಿಂದ ನನ್ನ ಕೈ ತಳ್ಳಿದಳು. ಫ್ಯಾನ್ ಹಾಕಿದೆ, ಆರಿಸಿದೆ, ಗುಳಿಗೆ ತೋರಿಸಿದೆ. ಅವಳ ದನಿ ಏರುತ್ತಲೇ ಹೋಯಿತು. ಕಣ್ಣಲ್ಲಿ ನೀರು ಬಂತು. ನನಗೂ ಸಿಟ್ಟು ಬಂತು. “ಏನ ಬೇಕು ಹೇಳಬಾರದೇನವ್ವಾ!” ಎಂದು ಕೂಗಿಬಿಟ್ಟೆ. ಹೇಳಲಾಗದವಳಿಗೆ ಹಾಗಂದದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಚಾಚಿಗೆ ಫೋನ್ ಮಾಡಿ, ಅವ್ವನ ಬಾಯಿ ಹತ್ತಿರ ಹಿಡಿದೆ.

“ಅಕ್ಕಾ, ನಾ ಅದೀನಿ, ಹೇಳು,” ಅಂದಳು ಚಾಚಿ.

ಅವ್ವ ಎರಡು ಸಲ ಹೇಳಿದಳು. ಆಗ ಚಾಚಿ ನನ್ನನ್ನು ಕೇಳಿದಳು.

“ಯವ್ವಾ, ಮುಂಜಾನಿಂದ ನೀ ಏನರ ತಿಂದಿಯೇನು?”

“ಇಲ್ರಿ. ಯಾಕ?”

“ಆಕಿಗೆ ಏನೂ ಬೇಕಾಗಿಲ್ಲ. ನೀ ಉಂಡಿಯೋ ಇಲ್ಲೋ ಅಂತ ಕೇಳಾಕತ್ತಾಳ.”

ಒಳಗೆ ಹೋಗಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಂದು ಅವ್ವನ ಎದುರೇ ಕೂತೆ. ಮೊದಲ ತುತ್ತಿಗೆ ಅವಳ ದನಿ ನಿಂತಿತು. ಎರಡನೆಯದಕ್ಕೆ ಹುಬ್ಬು ಸಡಿಲಾಯಿತು. ಒಂದು ಇಡೀ ರೊಟ್ಟಿ ತಿಂದೆ. ಮುಗಿಯುವವರೆಗೂ ನೋಡಿ, ಅವ್ವ ದಿಂಬಿಗೆ ತಲೆ ಆನಿಸಿ ನಿದ್ದೆಹೋದಳು.

ಆಮೇಲೆ ವಾರಕ್ಕೆರಡು ಸಲ ಅವಳನ್ನು ಮಾತು ಕಲಿಸುವವರ ಬಳಿ ವಿಜಯಪುರಕ್ಕೆ ಕರೆದೊಯ್ದೆವು. ನನ್ನ ಲೇಖನವನ್ನೂ ನಡುವೆ ಮುಗಿಸಿದೆ. ‘ಎಲ್ಲೆ’ಯೇ ಬೇರಾಗಿರುವ ಸಂಭವ ಹೆಚ್ಚು ಎಂದು ಬರೆದೆ, ಖಚಿತವಿಲ್ಲವೆಂದೂ ಬರೆದೆ. ಮೊದಲ ಕರಡಿನಲ್ಲಿ ‘ತಪ್ಪು ತಿಳಿವಳಿಕೆ’ ಎಂಬ ತಲೆಬರಹದ ಕೆಳಗೆ ಹಾಕಿದ್ದ ‘ಎಲ್ಲರ ಅವ್ವ’ನನ್ನು ಅಲ್ಲಿಂದ ತೆಗೆದು, ಭಕ್ತರ ಬದುಕಿನಲ್ಲಿರುವ ಅರ್ಥ ಎಂದು ಬೇರೆಯಾಗಿ ಒಂದು ಪುಟ ಬರೆದೆ.

ನಾಲ್ಕು ತಿಂಗಳಿಗೆ ಅವ್ವನಿಗೆ “ಬ್ಯಾಡ” ಬಂತು. ಆಮೇಲೆ “ಚಾ”. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ, ಅಷ್ಟರಲ್ಲಿ ಊರಿಗೆ ಮರಳಿದ್ದ ಚಾಚಿಯ ಮನೆಯ ಗೋಡೆಯ ಕಡೆ ತಿರುಗಿ, ಅವಳ ಹೆಸರು ಹಿಡಿದು ಕೂಗಿದಳು. ಮೊದಲ ಅಕ್ಷರ ಹಾರಿಹೋಗಿತ್ತು. ಚಾಚಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು.

“ಬಂದ್ನಿ ಅಕ್ಕಾ, ಬಂದ್ನಿ,” ಅಂದಳು. ಒಳಗೆ ಬರಲು ಮಾತ್ರ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.