ಗಂಡಂದಿರ ಮಾತ್ರೆಯ ಕಾಲಂ

ಇವತ್ತು ಮಾಡಿದ್ದು: ನಲ್ಲಿ ನೀರು ಹಿಡಿದಿದ್ದು, ಅತ್ತೆಗೆ ಬಿ.ಪಿ. ಮಾತ್ರೆ ತಂದಿದ್ದು, ಒಣಗಿದ ಕಡಲೆಕಾಯಿ ಮಹಡಿಯಿಂದ ಇಳಿಸಿದ್ದು, ಹುರುಳಿಕಾಳು ನೆನೆಹಾಕಿ ಕ್ಲಿನಿಕ್ಕಿಗೆ ಹೋಗಿದ್ದು.

ಮಧುಗಿರಿಯಲ್ಲಿ ಒಂದು ಟ್ರಸ್ಟ್ ನಡೆಸುವ ಸಣ್ಣ ಕ್ಲಿನಿಕ್ ಅದು. ನಾನು ಅಲ್ಲಿ ಆಪ್ತಸಮಾಲೋಚಕಿ. ಲೈಂಗಿಕ ಸೋಂಕಿನ ತೊಂದರೆ ಹೇಳಿಕೊಳ್ಳಲು ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಹೆಂಗಸರು ಬರುತ್ತಾರೆ. ತಮ್ಮೂರಲ್ಲಾದರೆ ಗುರುತಿನವರು ಸಿಕ್ಕಾರು ಎಂಬ ಭಯ. ಗಂಡ ಹೆಂಡತಿಯಲ್ಲಿ ಒಬ್ಬರೇ ಔಷಧಿ ತೆಗೆದುಕೊಂಡರೆ ಸೋಂಕು ಮತ್ತೆ ಅಂಟುತ್ತದೆ. ಹಾಗಾಗಿ ಗಂಡನ ಮಾತ್ರೆಯ ಪೊಟ್ಟಣವನ್ನೂ ಹೆಂಡತಿಯ ಕೈಯಲ್ಲೇ ಕಳಿಸುತ್ತಿದ್ದೆವು. ರಿಜಿಸ್ಟರಿನಲ್ಲಿ ‘ಗಂಡನಿಗೆ ಚಿಕಿತ್ಸೆ ಆಯಿತೇ’ ಎಂಬ ಕಾಲಂ ಇತ್ತು. ಪೊಟ್ಟಣ ಅವಳ ಚೀಲ ಸೇರಿದ ಕೂಡಲೇ ನಾನು ‘ಹೌದು’ ಎಂದು ಬರೆದುಬಿಡುತ್ತಿದ್ದೆ. ಆಮೇಲೆ ಫೋನ್ ಮಾಡಿ ವಿಚಾರಿಸೋಣವೆಂದರೆ, ಆ ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೋ.

ಮುಂದೆ ವೈದ್ಯರ ಒಂದು ಸಮಿತಿ ನಮ್ಮಂಥ ಕ್ಲಿನಿಕ್ಕುಗಳಿಗಾಗಿ ಚಿಕಿತ್ಸೆಯ ಮಾರ್ಗಸೂಚಿ ಬರೆಯಲು ಕೂತಿತು. ಅನಿಸಿಕೆ ಬೇಡ, ಆಧಾರ ಬೇಕು ಎಂದು ನಮ್ಮ ರಿಜಿಸ್ಟರುಗಳನ್ನೂ ತರಿಸಿಕೊಂಡರು. ಸಭೆಯಲ್ಲಿ ಹಿರಿಯ ಡಾಕ್ಟರು ಆ ಕಾಲಮ್ಮಿನ ಮೇಲೆ ಬೆರಳಾಡಿಸಿ, ಇಷ್ಟು ಅಚ್ಚುಕಟ್ಟಾದ ದಾಖಲೆ ಬೇರೆಲ್ಲೂ ಸಿಗಲಿಲ್ಲ ಎಂದರು. ಹೆಂಡತಿಯ ಕೈಯಲ್ಲಿ ಕಳಿಸಿದರೆ ಸಾಕು, ಗಂಡನನ್ನು ಕರೆಸುವ ಅಗತ್ಯವಿಲ್ಲ ಎಂಬ ಸಾಲು ಮಾರ್ಗಸೂಚಿಯ ಕರಡು ಪ್ರತಿಗೆ ಸೇರಿತು. ಆಗಲೇ ಬಾಯಿ ಬಿಡಬೇಕಿತ್ತು. ಹೊಗಳಿಕೆ ಹಿತವಾಗಿತ್ತು, ಬಿಸ್ಕತ್ತು ತಿಂದು ಬಸ್ಸು ಹತ್ತಿದೆ.

ಹೋದ ವಾರ ಪಾವಗಡ ಕಡೆಯ ಒಬ್ಬಳು ಕಿಬ್ಬೊಟ್ಟೆ ಹಿಡಿದುಕೊಂಡು ಮೂರನೇ ಸಲ ಬಂದಳು. ಮದುವೆಯಾಗಿ ನಾಲ್ಕು ವರ್ಷ, ಮಗುವಿಗಾಗಿ ಕಾಯುತ್ತಿದ್ದವಳು. ಗಂಡ ಮಾತ್ರೆ ನುಂಗಿದನೇ ಎಂದು ನಾನು ಕೇಳಿದ್ದು ಅವತ್ತೇ ಮೊದಲು.

“ಆಯಪ್ಪಂಗೆ ಹೆಂಗಕ್ಕ ಹೇಳಾದು? ನನ್ ಮೇಲೇ ಅನುಮಾನ ಪಡ್ತಾನೆ. ಬಿಸಾಕಕ್ಕೂ ಮನಸ್ಸು ಬರ್ನಿಲ್ಲ. ಎಲ್ಡು ಸಲಾನೂ ಅವನ್ದೂ ನಾನೇ ನುಂಗ್ಬುಟ್ಟೆ. ಜಾಸ್ತಿ ನುಂಗಿದ್ರೆ ಬೇಗ ವಾಸಿಯಾಗ್ತದೇನೋ ಅಂತ.”

ಸ್ಕ್ಯಾನ್ ನೋಡಿದ ನಮ್ಮ ಡಾಕ್ಟರು, ಗರ್ಭನಾಳಗಳಿಗೆ ಪೆಟ್ಟು ಬಿದ್ದಂತಿದೆ, ಮಗುವಾಗುವುದು ಕಷ್ಟವಾಗಬಹುದು ಎಂದರು. ಗಂಡನನ್ನು ಕರೆದುಕೊಂಡು ಬಾ, ನಾನು ಮಾತಾಡುತ್ತೇನೆ ಎಂದು ಅವಳನ್ನು ಕಳಿಸಿದ್ದೆ.

ಇವತ್ತು ಇಬ್ಬರೂ ಬಂದರು. ಅವನು ಸೋಲಾರ್ ಪ್ಲೇಟು ತೊಳೆಯುವ ಕೆಲಸದವನು. ನಾನು ಜಗಳಕ್ಕೆ ತಯಾರಾಗಿ ಕೂತಿದ್ದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ನನ್ನೆದುರೇ ಮಾತ್ರೆ ನುಂಗಿ ಲೋಟ ಕೆಳಗಿಟ್ಟ.

“ಮೊದ್ಲೇ ಕರೆದಿದ್ರೆ ಬತ್ತಿದ್ನಲ್ಲ ಮೇಡಮ್ಮೋರೆ. ಯಾರೂ ಕರೀನಿಲ್ಲ.”

“ನೀನು ಬತ್ತಿದ್ದೆ, ಬಂದು ನನ್ನ ತವರಿಗೆ ಓಡಿಸ್ತಿದ್ದೆ,” ಎಂದಳು ಅವಳು. ಮೊದಲೇ ಕರೆದಿದ್ದರೆ ಅವನು ಏನು ಮಾಡುತ್ತಿದ್ದನೋ ಈಗ ತಿಳಿಯುವ ದಾರಿಯಿಲ್ಲ. ಮಗುವಿನ ವಿಚಾರಕ್ಕೆ ತುಮಕೂರಿನಲ್ಲಿ ಯಾವ ಡಾಕ್ಟರಿಗೆ ತೋರಿಸಬೇಕೆಂದು ಚೀಟಿ ಬರೆದುಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು.

ಅವರು ಹೋದ ಮೇಲೆ ಸಮಿತಿಯ ಆ ಹಿರಿಯ ಡಾಕ್ಟರಿಗೆ ಫೋನ್ ಮಾಡಿ, ನನ್ನ ‘ಹೌದು’ಗಳನ್ನು ನಂಬಬೇಡಿ ಎಂದೆ. “ಮಾರ್ಗಸೂಚಿ ಪುಸ್ತಕ ಅಚ್ಚಾಗಿ ಎಲ್ಲಾ ಕಡೆ ಹೋಗ್ಬಿಟ್ಟಿದೆ ಕಣಮ್ಮ,” ಎಂದರು. ಬರೆದುಕೊಡಿ, ಆ ಸಾಲು ತೆಗೆಸುತ್ತೇನೆ ಎಂದೂ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಬರೆದು ಕಳಿಸಿದೆ. ಆ ಸಾಲು ಹೋಗಬಹುದು. ಅವಳ ಎರಡು ಸಲದ ನೋವು ಹೋಗುವುದಿಲ್ಲ.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ನಾನು ಅರ್ಧ ಮುದ್ದೆ ಉಳಿಸಿದೆ. ಅತ್ತೆ ಮೊದಲು ಮಲಗಿದರು, ಆಮೇಲೆ ಮನೆಯವರು.