ಹಳದಿ ಟೋಪಿಯ ನಾಳೆಪ್ಪ

ನಾಳೆಪ್ಪ ಎನ್ನುವುದು ಅಕ್ಕ ಇಟ್ಟ ಹೆಸರು. ಆಗ ಅವನಿನ್ನೂ ಭವಿಷ್ಯದ ಕಸುಬಿಗೆ ಇಳಿದಿರಲಿಲ್ಲ. ರೇಡಿಯೋ, ಟಿವಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದಿಗೆ ಹಾಕಿದ ಒಂದು ಬಾಗಿಲು. ಯಾರು ಬಂದು ಕೇಳಿದರೂ ತಲೆ ಎತ್ತದೆ "ನಾಳೆ ಬನ್ನಿ" ಎನ್ನುತ್ತಿದ್ದ. ನಾಳೆ ಬಂದವರಿಗೂ ಅದೇ ಉತ್ತರ. ಅಕ್ಕ ಹೊಲಿಗೆಯವಳು. ಅವಳ ಇಸ್ತ್ರಿಪೆಟ್ಟಿಗೆಯೇ ಅಲ್ಲಿ ಏಳು ತಿಂಗಳು ಅಂಗಾತ ಮಲಗಿತ್ತು. ಎಂಟನೆಯ ತಿಂಗಳು ಅವಳು ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಇವನು ನನ್ನ ತಮ್ಮ ಅಲ್ಲ ಕಣ್ರಪ್ಪಾ, ನಾಳೆಪ್ಪ!" ಎಂದಳು. ಹೆಸರು ಅಂಟಿತು. ಮುಂದೆ ಅದೇ ನಾಳೆಯನ್ನು ಕಟ್ಟಿಕೊಂಡು ಅವನು ಬದುಕುತ್ತಾನೆಂದು ಅವಳಿಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

ಕೆಲಸ ತಡವಾಗುತ್ತಿದ್ದದ್ದು ಸೋಮಾರಿತನಕ್ಕಲ್ಲ. ಕೆಟ್ಟ ವಸ್ತುವನ್ನು ಬಿಚ್ಚಿದರೆ ಅವನು ಅದನ್ನು ಕಾದಂಬರಿಯ ಹಾಗೆ ಓದುತ್ತ ಕೂರುತ್ತಿದ್ದ. ಯಾವ ಗುಂಡಿ ಸವೆದಿದೆ, ಯಾವುದಕ್ಕೆ ಬೆರಳೇ ತಾಗಿಲ್ಲ, ಯಾವ ಮೂಲೆಯನ್ನು ಯಾರು ಚಮಚದ ಹಿಡಿಕೆಯಿಂದ ಮೀಟಿದ್ದಾರೆ. ಒಮ್ಮೆ ಟಿವಿ ತಯಾರಿಸುವ ಕಂಪನಿಯ ಮ್ಯಾನೇಜರೊಬ್ಬರು ತಮ್ಮ ಮನೆಯ ರಿಮೋಟನ್ನೇ ನಾಚಿಕೊಳ್ಳುತ್ತ ರಿಪೇರಿಗೆ ತಂದರು.

"ಸರ್, ಇದರಲ್ಲಿ ಮೂವತ್ತು ಗುಂಡಿ ಇದೆ. ಸವೆದಿರೋದು ಮೂರು. ಉಳಿದ ಇಪ್ಪತ್ತೇಳು ಯಾರಿಗೆ ಮಾಡಿದ್ರಿ?" ಎಂದು ಕೇಳಿದ.

"ಗಿರಾಕಿಗಳಿಗೆ."

"ನಿಮ್ಮ ಮನೇಲೇ ಒತ್ತಿಲ್ಲ! ಮೂರೇ ಗುಂಡಿ ಇಟ್ಟು ಮಾಡೋನು ಇನ್ನೆರಡು ವರ್ಷದಲ್ಲಿ ಬರ್ತಾನೆ, ನಿಮ್ಮನ್ನ ನುಂಗಿ ನೀರು ಕುಡೀತಾನೆ."

ಒಂದೂವರೆ ವರ್ಷಕ್ಕೇ ಬಂದ, ನುಂಗಿದ. ಮ್ಯಾನೇಜರು ಮತ್ತೆ ಅಂಗಡಿಗೆ ಬಂದರು, ಈ ಸಲ ಕೈಯಲ್ಲಿ ರಿಮೋಟು ಇರಲಿಲ್ಲ. ಮೀಟಿಂಗಿಗೆ ಕರೆಯಲು ಬಂದಿದ್ದರು. ನಾಳೆಪ್ಪ ಭಾವನ ಬೂಟು ಹಾಕಿಕೊಂಡು ಹೋದ. ಭಾವ, ಎಂದರೆ ಅಕ್ಕನ ಗಂಡ, ಬಸ್ ಕಂಡಕ್ಟರು. ಇಡೀ ಮನೆತನದಲ್ಲಿ ಪಾಲಿಶ್ ಕಂಡ ಬೂಟು ಅವನದೊಂದೇ. ಅಳತೆ ಎರಡು ನಂಬರ್ ದೊಡ್ಡದು. ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವಾಗ ಬೂಟು ಇದ್ದಲ್ಲೇ ಇತ್ತು, ಅವನು ಮಾತ್ರ ಒಳಗೇ ಹಿಂದೆ ಮುಂದೆ ಓಡಾಡುತ್ತಿದ್ದ.

ಹೀಗೆ ಶುರುವಾಯಿತು. 'ತಂತ್ರಜ್ಞಾನ ಮತ್ತು ಸಮಾಜ: ಮುನ್ನೋಟದ ಸಲಹೆಗಾರ' ಎಂದು ಕಾರ್ಡು ಅಚ್ಚಾಯಿತು. ಅಕ್ಕಪಕ್ಕದವರು ಕಾರ್ಡು ಓದಿ, ಮಗಳಿಗೆ ಗಂಡು ಯಾವಾಗ ಸಿಗುತ್ತೆ, ಕಳೆದ ಉಂಗುರ ಎಲ್ಲಿದೆ ಎಂದು ಕೇಳಲು ಬಂದರು. ಅವನು ತಾಳ್ಮೆಯಿಂದ, "ಅದೆಲ್ಲ ನನಗೆ ಗೊತ್ತಾಗಲ್ಲ ಅಮ್ಮಾ. ಆದ್ರೆ ನಿಮ್ಮ ಫ್ರಿಜ್ಜಿನ ಬಾಗಿಲು ಈ ವರ್ಷ ದಾಟಲ್ಲ" ಎನ್ನುತ್ತಿದ್ದ. ದಾಟುತ್ತಿರಲಿಲ್ಲ. ಅವನ ಕೀರ್ತಿ ಬೀದಿಯಲ್ಲಿ ನಿಂತದ್ದು ಫ್ರಿಜ್ಜಿನ ಬಾಗಿಲುಗಳ ಮೇಲೆ.

ದೊಡ್ಡವರ ನಡುವೆ ನಿಂತದ್ದು ಮಾತ್ರ ತಾಲೀಮಿನ ಮೇಲೆ. ನಾಳೆ ಹೀಗಿರುತ್ತದೆ ಎಂದು ಬರೆದುಕೊಟ್ಟರೆ ಯಾರೂ ನಂಬುವುದಿಲ್ಲ, ಆ ನಾಳೆಯ ಒಳಗೆ ಅವರನ್ನೇ ಒಂದು ದಿನ ಕೂಡಿಹಾಕಿದರೆ ನಂಬುತ್ತಾರೆ ಎನ್ನುವುದು ಅವನ ಸಿದ್ಧಾಂತ. ಹಳೆಯ ಟೇಬಲ್ ಟೆನಿಸ್ ಹಾಲೊಂದನ್ನು ಹಿಡಿದು, ಪ್ಲೈವುಡ್ಡು, ರಟ್ಟಿನ ಪೆಟ್ಟಿಗೆಗಳಲ್ಲಿ ಹದಿನೈದು ವರ್ಷ ಮುಂದಿನ ಮನೆಯನ್ನೋ ಅಂಗಡಿಯನ್ನೋ ಕಟ್ಟುತ್ತಿದ್ದ. ಯಂತ್ರಗಳ ಪಾತ್ರಕ್ಕೆ ಗೆಳೆಯರು, ಮನುಷ್ಯರ ಪಾತ್ರಕ್ಕೆ ಕಂಪನಿಯವರು. ಮುಖ ಗುರುತಿಸಿ ತೆರೆಯುವ ಬಾಗಿಲಿನ ತಾಲೀಮು ಇಟ್ಟ ದಿನ ಆ ಕಂಪನಿಯ ಮುಖ್ಯಸ್ಥರು ಮೀಸೆ ಬೋಳಿಸಿಕೊಂಡು ಬಂದಿದ್ದರು. ಬಾಗಿಲಿನ ಪಾತ್ರದಲ್ಲಿದ್ದ ಗೆಳೆಯ, ಕೈಯಲ್ಲಿ ಅವರ ಹಳೆಯ ಫೋಟೋ ಹಿಡಿದು, ನಲವತ್ತು ನಿಮಿಷ ತೆರೆಯಲಿಲ್ಲ. ಮುಖ್ಯಸ್ಥರು ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ಪ್ಲೈವುಡ್ಡಿನ ಮುಂದೆ ನಿಂತು ತುಟಿಯ ಮೇಲೆ ಬೆರಳು ಅಡ್ಡ ಇಟ್ಟುಕೊಂಡು "ಈಗ ನೋಡಪ್ಪ" ಎಂದು ಬೇಡಿಕೊಂಡರು.

ತಾಲೀಮಿಗೆ ಒಂದೇ ನಿಯಮ. ನಾಳೆಪ್ಪ ಹಳದಿ ಟೋಪಿ ಹಾಕಿಕೊಂಡು ಹಾಲಿನಲ್ಲಿ ಓಡಾಡುತ್ತಾನೆ. ಟೋಪಿ ಹಾಕಿದಷ್ಟು ಹೊತ್ತು ಅವನು ಅಲ್ಲಿಲ್ಲ. ಅವನನ್ನು ನೋಡಬಾರದು, ಮಾತಾಡಿಸಬಾರದು, ಅವನೂ ತುಟಿ ಬಿಚ್ಚಬಾರದು. "ನಾಳೆ ಬಂದಾಗ ಕೇಳೋಕೆ ಸಲಹೆಗಾರ ಪಕ್ಕದಲ್ಲಿ ಇರಲ್ಲ" ಎನ್ನುತ್ತಿದ್ದ.

ಇಷ್ಟು ನಗುವಿನ ಮನುಷ್ಯನಿಗೆ ಒಂದೇ ಒಂದು ಸರಿಯಾದ ಭವಿಷ್ಯ ಮುಳ್ಳಾಯಿತು. ಬಸ್ ಸಂಸ್ಥೆಯವರು ಕೇಳಿದಾಗ, ಹತ್ತು ವರ್ಷದಲ್ಲಿ ಕಂಡಕ್ಟರಿಲ್ಲದ ಬಸ್ಸು ಬರುತ್ತದೆ, ಈಗಿನಿಂದಲೇ ಅವರಿಗೆ ಬೇರೆ ಕೆಲಸ ಕಲಿಸಿ ಎಂದು ಬರೆದುಕೊಟ್ಟ. ಅವರು ಮೊದಲರ್ಧ ಓದಿ ಉಳಿದದ್ದನ್ನು ಮಡಚಿಟ್ಟರು. ಹತ್ತು ವರ್ಷ ಎಂದದ್ದು ಎರಡೇ ವರ್ಷಕ್ಕೆ ಬಂತು. ಭಾವ ಒಂದು ಮಧ್ಯಾಹ್ನ ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಆಮೇಲೆ ಅಕ್ಕನ ಅಂಗಡಿಯಲ್ಲಿ ಗುಂಡಿ ಹಾಕಲು ಕೂತ. ಭಾವನಿಗೆ ಕೋಪವಿರಲಿಲ್ಲ. ಅವನ ಪಾಲಿನ ಕೋಪವನ್ನೂ ಸೇರಿಸಿ ಅಕ್ಕನೇ ಇಟ್ಟುಕೊಂಡಳು. ಅಂದಿನಿಂದ ಎಂಟು ವರ್ಷ ಅವಳು ತಮ್ಮನೊಡನೆ ಮಾತು ಬಿಟ್ಟಳು.

ಬಿಟ್ಟಳು ಎಂದರೆ ಪೂರ್ತಿ ಬಿಡಲಿಲ್ಲ, ಅದೇ ಕಷ್ಟ. ಪ್ರತಿ ಭಾನುವಾರ ಅವನು ಊಟಕ್ಕೆ ಬರಬೇಕು, ಬರದಿದ್ದರೆ ಅದಕ್ಕೂ ಸಿಟ್ಟು. ಬಂದರೆ ಮಾತೆಲ್ಲ ಭಾವನ ಮೂಲಕ.

"ರೀ, ನಿಮ್ಮ ಭಾಮೈದನಿಗೆ ಹೇಳಿ, ಉಪ್ಪು ಮುಂದೇನೇ ಇದೆ, ಭವಿಷ್ಯದಲ್ಲಿ ಹುಡುಕೋದು ಬೇಡ."

"ಉಪ್ಪು ಮುಂದಿದೆಯಂತೆ ಕಣೋ," ಎಂದು ಭಾವ ತುಂಬಿದ ಬಸ್ಸಿನಲ್ಲಿ ಟಿಕೆಟ್ ದಾಟಿಸುವ ಹಾಗೆ ದಾಟಿಸುತ್ತಿದ್ದ.

"ಪೂರ್ತಿ ಹೇಳಿ!"

"ಪೂರ್ತಿ ಅವನಿಗೇ ಕೇಳಿಸ್ತು ಕಣೇ, ಎರಡಡಿ ದೂರದಲ್ಲಿದ್ದಾನೆ."

"ಕೇಳಿಸಿದ್ರೆ ಅದು ಅವನ ಕಿವಿ ತಪ್ಪು. ನಾನು ಹೇಳಿದ್ದು ನಿಮಗೆ."

ನಾಳೆಪ್ಪ ಹೊರಗೆ ಬಂದು ನಗುತ್ತಿದ್ದ, ಬೀದಿಯ ತಿರುವಿನ ತನಕ ನಗುತ್ತಿದ್ದ. ತಿರುವಿನಾಚೆ ನಗು ಮುಂದುವರಿಯುತ್ತಿರಲಿಲ್ಲ ಎಂಬುದು ಜೊತೆಗೆ ನಡೆದವರಿಗೆ ಗೊತ್ತು. ಅವನಿಗೆ ಬೇಕಿದ್ದದ್ದು ಒಂದೇ: ಅಕ್ಕ ಒಂದು ಸಲ ನೇರವಾಗಿ, ಅವನ ಮುಖ ನೋಡಿ, ಬಾಯಿ ತುಂಬ ಬೈಯಬೇಕು. ಕ್ಷಮೆಯೆಲ್ಲ ದೊಡ್ಡ ಮಾತು, ಬೈದರೆ ಸಾಕು. ತಪ್ಪಿದ ಮುನ್ಸೂಚನೆಗಳನ್ನು ಬರೆಯಲು ಅವನದೊಂದು ನೋಟ್‌ಬುಕ್ಕಿತ್ತು. ಇನ್ನೂ ತಪ್ಪದಿದ್ದರೂ ತಪ್ಪಲಿ ಎಂಬ ಆಸೆಯಿಂದ ಅದರ ಕೊನೆಯ ಪುಟದಲ್ಲಿ 'ಅಕ್ಕ ಈ ಜನ್ಮದಲ್ಲಿ ನನ್ನ ಹತ್ತಿರ ಮಾತಾಡುವುದಿಲ್ಲ' ಎಂದು ಮುಂಚಿತವಾಗಿ ಬರೆದಿಟ್ಟಿದ್ದ.

ಅಷ್ಟರಲ್ಲಿ ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ಹೊರರೋಗಿಗಳ ಬಾಗಿಲಲ್ಲಿ ಕೂರುವ ಜನರನ್ನು ತೆಗೆದು ಯಂತ್ರ ಇಡುವ ಯೋಚನೆ. ಯಂತ್ರ ತೊಂದರೆ ಕೇಳುತ್ತದೆ, ಯಾವ ಕೋಣೆಗೆ ಹೋಗಬೇಕೆಂದು ಚೀಟಿ ಕೊಡುತ್ತದೆ. ಹತ್ತು ವರ್ಷದ ಮೇಲೆ ಜನ ಇದರ ಜೊತೆ ಹೇಗಿರುತ್ತಾರೆ ಎಂದು ಹೇಳಬೇಕು.

"ಯಂತ್ರ ನೀನೇ ಆಗ್ಬೇಕು ಭಾವ," ಎಂದ ನಾಳೆಪ್ಪ.

ಭಾವ ಸೂಜಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. "ಯಂತ್ರ ನನ್ನ ಕೆಲಸ ತಗೊಳ್ತು, ಈಗ ನಾನು ಯಂತ್ರದ ಕೆಲಸ ತಗೋತೀನಿ. ಸರಿ ಹೋಯ್ತು! ರೋಗಿ ಯಾರು?"

"ಹನ್ನೊಂದು ಜನ ಸಿಕ್ಕಿದ್ದಾರೆ. ಎದೆನೋವಿನ ಮುದುಕಿ ಸಿಕ್ಕಿಲ್ಲ."

"ನಿಮ್ಮಕ್ಕ."

"ಕರೆಯೋಕೆ ನನಗೆ ಬಾಯಿ ಎಲ್ಲಿದೆ?"

"ನೀನು ಕರೀಬೇಡ. ಅಲ್ಲಿ ನಿನ್ನನ್ನ ಮಾತಾಡಿಸೋ ಹಾಗೇ ಇಲ್ಲ ಅಂತ ಹೇಳ್ತೀನಿ, ಓಡಿ ಬರ್ತಾಳೆ."

ಹಾಗೇ ಆಯಿತು. "ಅವನು ಅಲ್ಲಿ ಇಲ್ಲವೇ ಇಲ್ಲ ಅಂದ್ಕೋಬೇಕಾ? ಎಂಟು ವರ್ಷದಿಂದ ನಾನು ಮಾಡ್ತಿರೋದು ಅದೇ ತಾನೇ! ಇಡೀ ಊರಲ್ಲಿ ನನಗಿಂತ ಚೆನ್ನಾಗಿ ಯಾರು ಮಾಡ್ತಾರೆ?" ಎಂದು ಅಕ್ಕ ತಲೆಗೆ ಪೌಡರ್ ಬಳಿದು ಮುದುಕಿಯಾಗಿ ಬಂದೇಬಿಟ್ಟಳು.

ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗೆ ನೀಲಿ ಬಣ್ಣ ಬಳಿದು, ಚೀಟಿ ಬರಲು ಒಂದು ಸೀಳು ಕೊಯ್ದು, ಒಳಗೆ ಸ್ಟೂಲಿನ ಮೇಲೆ ಭಾವನನ್ನು ಕೂರಿಸಲಾಗಿತ್ತು. ಅವನ ಕೈಯಲ್ಲಿ ಮೂರು ವಾಕ್ಯ ಬರೆದ ಕಾರ್ಡು. ಅದು ಬಿಟ್ಟು ಒಂದಕ್ಷರ ಆಡುವಂತಿಲ್ಲ. ಗದ್ದಲದಲ್ಲಿ ಯಂತ್ರಕ್ಕೆ ನಾಲ್ಕು ಸಲ ಹೇಳಿದರೆ ಒಂದು ಸಲ ಕೇಳಿಸುತ್ತದೆ ಎಂದು ತಯಾರಕರೇ ಒಪ್ಪಿದ್ದರಿಂದ ಭಾವನೂ ಹಾಗೇ ಮಾಡಬೇಕು. ಆಸ್ಪತ್ರೆಯ ಮುಖ್ಯ ಡಾಕ್ಟರಮ್ಮ, ಇಬ್ಬರು ಅಧಿಕಾರಿಗಳು, ತಯಾರಕರ ಕಡೆಯ ಎಂಜಿನಿಯರು ಗೋಡೆಗೆ ಕುರ್ಚಿ ಹಾಕಿಕೊಂಡು ಕೂತರು. ನಾಳೆಪ್ಪ ಟೋಪಿ ಏರಿಸಿ, ಇಲ್ಲವಾದ.

ಮೊದಲು ಬಂದ ಕೊಳಾಯಿ ರಿಪೇರಿಯವನು ಹಲ್ಲುನೋವು ಎಂದು ಮೂರು ಸಲ ಹೇಳಿ, ನಾಲ್ಕನೆಯದಕ್ಕೆ ಪೆಟ್ಟಿಗೆಗೆ ಗುದ್ದಿದ. ಒಳಗಿನಿಂದ "ಅಯ್ಯೋ" ಎಂಬ, ಕಾರ್ಡಿನಲ್ಲಿಲ್ಲದ ಮಾತು ಬಂತು. ಬಸುರಿಯ ಪಾತ್ರದ ಶಾಲಾ ಟೀಚರಿಗೆ ಮೂಳೆ ವಿಭಾಗದ ಚೀಟಿ ಸಿಕ್ಕಿತು. ಡಾಕ್ಟರಮ್ಮ ಕರ್ಚೀಫು ಬಾಯಿಗೆ ಒತ್ತಿಕೊಂಡರು. ಆಮೇಲೆ ಅಕ್ಕ ಬಂದಳು.

"ನಿಮ್ಮ ತೊಂದರೆಯನ್ನು ಹೇಳಿ," ಎಂದಿತು ಪೆಟ್ಟಿಗೆ.

"ಎದೆ ನೋವು."

"ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ."

"ಎದೇ... ನೋವೂ!"

"ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ."

"ರೀ, ಮೂವತ್ತು ವರ್ಷ ಸಂಸಾರ ಮಾಡಿದ್ದೀನಿ. ನನ್ನ ಮಾತು ಅರ್ಥ ಆಗಲ್ವಾ ನಿಮಗೆ?"

"ಅರ್ಥವಾಗಲಿಲ್ಲ," ಎಂದಿತು ಪೆಟ್ಟಿಗೆ, ಸ್ವಲ್ಪ ಸಂತೋಷವಾಗಿಯೇ. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಅವಳು ಮುದುಕಿಯ ಪಾತ್ರದಿಂದ ಯಾವಾಗ ಹೊರಗೆ ಬಂದಳೋ, ಅಥವಾ ಯಾವಾಗ ಪೂರ್ತಿ ಒಳಗೆ ಹೋದಳೋ, ಹೇಳುವುದು ಕಷ್ಟ. ಕೈ ನಿಜವಾಗಿಯೇ ಎದೆಯ ಮೇಲಿತ್ತು.

"ರೀ, ನಿಮ್ಮ ಭಾಮೈದನಿಗೆ ಹೇಳಿ, ಈ ಆಟ ಸಾಕು ಅಂತ."

"ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ."

ಎಂಟು ವರ್ಷದಿಂದ ಇದ್ದ ಒಂದೇ ದಾರಿ ಮುಚ್ಚಿತ್ತು. ಅಕ್ಕ ಪೆಟ್ಟಿಗೆಯನ್ನು ನೋಡಿದಳು, ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಜನರನ್ನು ನೋಡಿದಳು, ಆಮೇಲೆ ನಿಧಾನವಾಗಿ ಮೂಲೆಯ ಹಳದಿ ಟೋಪಿಯ ಕಡೆ ತಿರುಗಿದಳು.

"ಲೋ ನಾಳೆಪ್ಪ!"

ನಗು ಗಪ್ಪೆಂದು ನಿಂತಿತು.

"ನಿನಗೇ ಹೇಳ್ತಿರೋದು! ಎದೆ ಹಿಡ್ಕೊಂಡು ಬಂದವಳು ಡಬ್ಬದ ಮುಂದೆ ನಿಂತು ಪಾಠ ಒಪ್ಪಿಸ್ಬೇಕೇನೋ? ಅವಳ ಮುಖ ನೋಡಿದ್ರೆ ಗೊತ್ತಾಗಲ್ವಾ? ನಿನ್ನ ಅಷ್ಟು ದೊಡ್ಡ ನಾಳೇಲಿ ಮುಖ ನೋಡೋಕೆ ಒಬ್ಬ ಮನುಷ್ಯನಿಗೆ ಒಂದು ಕುರ್ಚಿ ಇಡೋಷ್ಟು ಜಾಗ ಇಲ್ವಾ? ನಿಮ್ಮ ಭಾವ ಬಸ್ಸಲ್ಲಿ ಟಿಕೆಟ್ ಮಾತ್ರ ಕೊಡ್ತಿದ್ರು ಅಂದ್ಕೊಂಡ್ಯಾ? ಮುದುಕೀರು ಹತ್ತಿದ್ರೆ ಸೀಟು ಬಿಡಿಸ್ತಿದ್ರು, ಕಣ್ಣು ಕಾಣದೋರಿಗೆ ಸ್ಟಾಪು ಹೇಳ್ತಿದ್ರು. ಅದನ್ನೆಲ್ಲ ಯಾಕೋ ಬರೀಲಿಲ್ಲ ನೀನು? ಯಾಕೋ ಬರೀಲಿಲ್ಲ?"

ನಾಳೆಪ್ಪ ಕಂಬದ ಹಾಗೆ ನಿಂತಿದ್ದ. ಕಣ್ಣಿಂದ ಧಾರಾಕಾರ ನೀರು, ಮುಖದ ತುಂಬ ನಗು. ಆದರೆ ನಿಯಮ ಅವನದೇ. ಟೋಪಿ ಹಾಕಿದವನು ಬಾಯಿ ಬಿಡುವಂತಿಲ್ಲ.

"ಮಾತಾಡೋ, ಮೂಗಬಸವ!"

ಪೆಟ್ಟಿಗೆಯ ಸೀಳಿನಿಂದ ಎರಡು ಬೆರಳು ಹೊರಬಂದವು. "ಟೋಪಿ ತೆಗೆಯೋ ದಡ್ಡ," ಎಂದಿತು ಯಂತ್ರ. "ರೈಟ್, ರೈಟ್!"

ಅವನು ಟೋಪಿ ತೆಗೆದ. "ಬರೀಬೇಕಿತ್ತು ಅಕ್ಕಾ," ಎಂದ.

"ಈಗ ಬರಿ. ನಾಳೆ ಅಂದ್ರೆ ಕೈ ಮುರೀತೀನಿ."

ಅಲ್ಲೇ, ಎಲ್ಲರೆದುರು, ರಟ್ಟಿನ ಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಬರೆದ. ಭಾವ ಇನ್ನೂ ಒಳಗೇ ಇದ್ದ. ವರದಿ ಪೂರ್ತಿ ಒಂದೇ ಸಾಲು: 'ಬಾಗಿಲಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬರು.' ಈ ಸಲ ಮಡಚಿಡಲು ಎರಡನೆಯ ಅರ್ಧವೇ ಇರಲಿಲ್ಲ. ಆಸ್ಪತ್ರೆಯವರು ಯಂತ್ರವನ್ನೂ ಇಟ್ಟರು, ಕುರ್ಚಿಯನ್ನೂ ಇಟ್ಟರು. ಆ ಕುರ್ಚಿಯಲ್ಲಿ ಭಾವನನ್ನೇ ಕೂರಿಸಿದರು ಎಂದು ಬರೆದರೆ ಕಥೆಗೆ ಚೆಂದ. ಕೂರಿಸಲಿಲ್ಲ, ವಯಸ್ಸು ಮೀರಿತ್ತು. ಆಸ್ಪತ್ರೆಯಲ್ಲೇ ಮೊದಲು ಕೆಲಸಕ್ಕಿದ್ದ, ದಪ್ಪ ಕನ್ನಡಕದ ಹೆಂಗಸೊಬ್ಬರು ಕೂತರು.

ಮುಂದಿನ ಭಾನುವಾರ ಅಕ್ಕ ನೋಟ್‌ಬುಕ್ಕಿನ ಕೊನೆಯ ಪುಟ ನೋಡಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಆ ಸಾಲಿನ ಮೇಲೆ ದೊಡ್ಡದಾಗಿ 'ತಪ್ಪು' ಎಂದು ಬರೆದಳು. ಆಮೇಲಿನ ಆರು ವರ್ಷ ಅವಳು ಬಾಯಿ ಮುಚ್ಚಲಿಲ್ಲ. ಒಂದು ವಾರದಲ್ಲಿ ದಣಿಯುತ್ತಾಳೆ ಎಂದು ಅವನು ಹೇಳಿದ್ದ, ಅದೂ ತಪ್ಪಾಯಿತು. ಎಂಬತ್ತನಾಲ್ಕು ವರ್ಷ ಬದುಕುತ್ತೇನೆ ಎಂದಿದ್ದ. ಅರವತ್ತೆರಡಕ್ಕೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಅದೇ ಬಾಗಿಲಿಗೆ ಹೋದ. ಯಂತ್ರ ತೊಂದರೆ ಕೇಳುವ ಮೊದಲೇ ಕನ್ನಡಕದ ಹೆಂಗಸು ಮುಖ ನೋಡಿ ಎದ್ದು ಒಳಗೆ ಒಯ್ದರು. ಅದರಿಂದ ಮೂರು ವಾರ ಸಿಕ್ಕಿತು. ಆ ಮೂರು ವಾರ ಮಂಚದ ಪಕ್ಕ ಅಕ್ಕ ಇಸ್ತ್ರಿಪೆಟ್ಟಿಗೆಯ ಏಳು ತಿಂಗಳಿನಿಂದ ಹಿಡಿದು ಎಲ್ಲಕ್ಕೂ ಬೈದಳು. ಅವನು ನಕ್ಕೂ ನಕ್ಕೂ ನರ್ಸುಗಳಿಂದಲೂ ಬೈಸಿಕೊಂಡ.

ಹಳದಿ ಟೋಪಿ ಈಗ ಅಕ್ಕನ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲಿನ ಮೊಳೆಯಲ್ಲಿ ನೇತಾಡುತ್ತಿದೆ. ದಾರ ಕಡಿದರೆ, ಕರೆಂಟು ಹೋದರೆ, ಇಸ್ತ್ರಿಪೆಟ್ಟಿಗೆ ಕಾಯದಿದ್ದರೆ ಅವಳು ತಲೆ ಎತ್ತಿ ಅದಕ್ಕೆ ಬೈಯುತ್ತಾಳೆ. ಮೊನ್ನೆಯೂ ಬೈಯುತ್ತಿದ್ದಳು. ಗುಂಡಿ ಹಾಕುತ್ತಿದ್ದ ಭಾವ, "ಅವನಿಗೆ ಎಲ್ಲಿ ಕೇಳಿಸುತ್ತೆ ಕಣೇ?" ಎಂದ.

"ನೀವು ಸುಮ್ನಿರಿ," ಎಂದಳು ಅಕ್ಕ. "ನಿಮ್ಮ ಕೈಲಿ ಹೇಳಿಸ್ತಿದ್ದೀನಾ? ನೇರವಾಗೇ ಹೇಳ್ತಿದ್ದೀನಲ್ಲ."